ಸಾಕ್ಷಿ ಹೇಳಿದ ಮುದುಕ ಎಲ್ಲಿಗೆ ಹೋದ?

ವರ್ಷಕ್ಕೊಮ್ಮೆ ನಮ್ಮ ಆಫೀಸಿನಲ್ಲಿ ಒಂದು ಟ್ರೈನಿಂಗ್ ಇರತ್ತೆ. ‘ನಾಯಕತ್ವ’ ಅಂತ ಅದಕ್ಕೆ ಹೆಸರು. ಹೊರಗಿನಿಂದ ಯಾರೋ ಒಬ್ಬರು ಬರ್ತಾರೆ, ನಮ್ಮ ಹೆಸರು ಬರೆದ ಚೀಟಿ ಎದೆಗೆ ಅಂಟಿಸ್ತಾರೆ, ಊಟ ಆದ ಮೇಲೆ ಯಾರೂ ತೂಕಡಿಸಬಾರದು ಅಂತ ಒಂದು ಸಿನಿಮಾ ಹಾಕ್ತಾರೆ. ನಾನು ಈವರೆಗೆ ಮೂರು ಕಂಪನಿ ಬದಲಾಯಿಸಿದ್ದೀನಿ. ಮೂರೂ ಕಡೆ ಅದೇ ಸಿನಿಮಾ: ‘ಟ್ವೆಲ್ವ್ ಆಂಗ್ರಿ ಮೆನ್’.

ನೀವೂ ನೋಡಿರ್ತೀರಿ. 1957ರ ಕಪ್ಪು ಬಿಳುಪು ಸಿನಿಮಾ, ಸಿಡ್ನಿ ಲುಮೆಟ್ ನಿರ್ದೇಶನ. ಅಪ್ಪನನ್ನು ಚಾಕುವಿನಿಂದ ಇರಿದ ಅನ್ನೋ ಆರೋಪದ ಮೇಲೆ ಒಬ್ಬ ಬಡ ಹುಡುಗನ ವಿಚಾರಣೆ ಮುಗಿದಿರತ್ತೆ. ಹನ್ನೆರಡು ಜನ ಜ್ಯೂರಿಗಳನ್ನು ಒಂದು ರೂಮಿಗೆ ಹಾಕಿ ಬೀಗ ಹಾಕ್ತಾರೆ. ಹನ್ನೊಂದು ಜನ ‘ತಪ್ಪಿತಸ್ಥ’ ಅಂತಾರೆ, ಹೆನ್ರಿ ಫೋಂಡಾ ಒಬ್ಬ ‘ಸ್ವಲ್ಪ ಮಾತಾಡೋಣ’ ಅಂತಾನೆ. ಮಾತಾಡ್ತಾ ಮಾತಾಡ್ತಾ ಹನ್ನೊಂದೂ ಮಂದಿಯನ್ನ ತಿರುಗಿಸ್ತಾನೆ. ಸಿನಿಮಾ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ತಾರೆ, ಟ್ರೈನಿಂಗ್ ಕೊಡೋರು ಬೋರ್ಡಿನ ಮೇಲೆ ‘ಒಬ್ಬನೇ ಆದರೂ ನಿಲ್ಲು’ ಅಂತ ಬರೀತಾರೆ, ಆಮೇಲೆ ಟೀ ಬಿಸ್ಕಿಟ್.

ಒಳ್ಳೆ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಒಂದು ಮೇಜು, ಹನ್ನೆರಡು ಕುರ್ಚಿ, ತಿರುಗದ ಫ್ಯಾನು, ಇಷ್ಟರಲ್ಲೇ ಒಂದೂವರೆ ತಾಸು ಉಸಿರು ಬಿಗಿಹಿಡಿಸೋದು ಸಣ್ಣ ಕೆಲಸ ಅಲ್ಲ. ಇದನ್ನ ನೋಡಿ ಹಿಂದಿಯಲ್ಲಿ ಬಾಸು ಚಟರ್ಜಿ ‘ಏಕ್ ರುಕಾ ಹುವಾ ಫೈಸ್ಲಾ’ ಮಾಡಿದ್ರು. 2012ರಲ್ಲಿ ಕನ್ನಡಕ್ಕೂ ‘ದಶಮುಖ’ ಅಂತ ಬಂತು, ರವಿಚಂದ್ರನ್, ಅನಂತನಾಗ್ ಇದ್ದರು. ಹನ್ನೆರಡು ಹೋಗಿ ಹತ್ತಾಯ್ತು ಅಷ್ಟೆ. ನಮ್ಮ ದೇಶದಲ್ಲಿ ಜ್ಯೂರಿಯೇ ಇಲ್ಲವಲ್ಲ, ಆದರೂ ನಮಗೆ ಆ ರೂಮು ಇಷ್ಟ. ಯಾಕೆ ಇಷ್ಟ ಅನ್ನೋದೇ ನನ್ನ ತಕರಾರು.

ಮೊದಲು ಒಂದು ತಮಾಷೆ. ಸಿನಿಮಾದಲ್ಲಿ ಚಪ್ಪಾಳೆ ಗಿಟ್ಟಿಸೋ ಜಾಗ ಯಾವುದು? ‘ಇಂಥ ಚಾಕು ಇನ್ನೊಂದಿಲ್ಲ’ ಅಂತ ಎಲ್ಲರೂ ವಾದ ಮಾಡುವಾಗ ಫೋಂಡಾ ಜೇಬಿನಿಂದ ಅಂಥದ್ದೇ ಇನ್ನೊಂದು ಚಾಕು ತೆಗೆದು ಮೇಜಿಗೆ ಚುಚ್ತಾನೆ. ಆ ಹುಡುಗನ ಓಣಿಗೆ ತಾನೇ ಹೋಗಿ ಕೊಂಡು ತಂದಿರ್ತಾನೆ. ಕಾನೂನಿನ ಪ್ರಕಾರ ನೋಡಿದ್ರೆ ಅದು ದೊಡ್ಡ ತಪ್ಪು. ಕೋರ್ಟಿನಲ್ಲಿ ಬಂದ ಸಾಕ್ಷ್ಯ ಬಿಟ್ಟು ಹೊರಗಿನಿಂದ ಜ್ಯೂರಿ ಏನನ್ನೂ ತರೋ ಹಾಗಿಲ್ಲ. ಗೊತ್ತಾಗಿದ್ದರೆ ವಿಚಾರಣೆಯೇ ರದ್ದಾಗೋ ಸಾಧ್ಯತೆ ಇತ್ತು. ಅಂದ್ರೆ ನ್ಯಾಯದ ಪಾಠ ಅಂತ ನಮಗೆ ತೋರಿಸೋ ಸಿನಿಮಾದ ನಾಯಕನೇ ಜ್ಯೂರಿಯ ನಿಯಮ ಮುರಿದವನು. ಉದ್ದೇಶ ಒಳ್ಳೇದು ಅಂತ ನಾವು ಚಪ್ಪಾಳೆ ತಟ್ತೀವಿ.

ಅಮೆರಿಕದವರು ನಿಜದಲ್ಲಿ ಇದನ್ನ ಎಷ್ಟು ಗಂಭೀರವಾಗಿ ತಗೊಳ್ತಾರೆ ಅನ್ನೋದಕ್ಕೆ ಇತ್ತೀಚಿನ ಒಂದು ಕೇಸು ನೋಡಿ. ದಕ್ಷಿಣ ಕೆರೊಲಿನಾದ ವಕೀಲ ಅಲೆಕ್ಸ್ ಮರ್ಡಾಕ್‌ಗೆ ಹೆಂಡತಿ, ಮಗನ ಕೊಲೆ ಕೇಸಿನಲ್ಲಿ 2023ರ ಮಾರ್ಚಿನಲ್ಲಿ ಶಿಕ್ಷೆ ಆಯ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆತನ ವಕೀಲರು, ಕೋರ್ಟಿನ ಕ್ಲರ್ಕ್ ಬೆಕಿ ಹಿಲ್ ಜ್ಯೂರಿಗಳ ಕಿವಿಗೆ ಏನೇನೋ ಹಾಕಿದ್ದಾರೆ, ಆರೋಪಿಯ ಮಾತು ನಂಬಬೇಡಿ ಅನ್ನೋ ಥರ ಹೇಳಿದ್ದಾರೆ ಅಂತ ಆರೋಪ ಮಾಡಿದ್ರು. ಆಕೆ ಇಲ್ಲ ಅಂದ್ರು. 2024ರ ಜನವರಿಯಲ್ಲಿ ನ್ಯಾಯಾಧೀಶೆ ಜೀನ್ ಟೋಲ್ ಹನ್ನೆರಡೂ ಜ್ಯೂರಿಗಳನ್ನ ವಾಪಸ್ ಕರೆಸಿ ಒಬ್ಬೊಬ್ಬರನ್ನೇ ಕೇಳಿದ್ರು: ಆ ಮಾತು ನಿಮ್ಮ ತೀರ್ಪಿನ ಮೇಲೆ ಪರಿಣಾಮ ಮಾಡ್ತಾ? ಹನ್ನೊಂದು ಜನ ಇಲ್ಲ ಅಂದ್ರು, ಒಬ್ಬರು ಹೌದು ಅಂದ್ರು. ಅವತ್ತು ಮರುವಿಚಾರಣೆ ಕೊಡಲಿಲ್ಲ. ಕೊಡಬೇಕಿತ್ತೋ ಬಿಡಬೇಕಿತ್ತೋ ಬೇರೆ ಮಾತು. ಕರೆಸಿ ಕೇಳಿದ್ರಲ್ಲ, ಅದು ನನ್ನ ತಲೆಯಲ್ಲಿ ಉಳೀತು. ಅಲ್ಲಿ ಎಲ್ಲರ ಕಣ್ಣೂ ಆ ರೂಮಿನ ಬಾಗಿಲ ಮೇಲೆ.

ನಮ್ಮಲ್ಲಿ ಆ ರೂಮನ್ನೇ ಕೆಡವಿದ್ವಿ. ಯಾಕೆ ಅಂತ ಕೇಳಿದ್ರೆ ಎಲ್ಲರೂ ಹೇಳೋ ಕತೆ ನಾನಾವತಿ ಕೇಸು. 1959ರಲ್ಲಿ ನೌಕಾಪಡೆಯ ಕಮಾಂಡರ್ ಕವಾಸ್ ನಾನಾವತಿ ತನ್ನ ಹೆಂಡತಿಯ ಗೆಳೆಯ ಪ್ರೇಮ್ ಅಹುಜಾನನ್ನ ಬೊಂಬಾಯಿಯಲ್ಲಿ ಗುಂಡಿಟ್ಟು ಕೊಂದ. ಕರಂಜಿಯಾ ಅವರ ‘ಬ್ಲಿಟ್ಜ್’ ಪತ್ರಿಕೆ ವಾರವಾರ ಅವನ ಪರ ಬರೀತು. ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ‘ನಿರ್ದೋಷಿ’ ಅಂದ್ರು. ಸೆಷನ್ಸ್ ನ್ಯಾಯಾಧೀಶರು ಇದನ್ನ ಒಪ್ಪದೆ ಹೈಕೋರ್ಟಿಗೆ ಕಳಿಸಿದ್ರು. ಹೈಕೋರ್ಟು ಜೀವಾವಧಿ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ರು. ಅಕ್ಷಯ್ ಕುಮಾರನ ‘ರುಸ್ತಂ’ 2016ರಲ್ಲಿ ಬಂದಾಗ ಇದೇ ಕತೆಯನ್ನ ಯೂನಿಫಾರಂ ಹಾಕಿಸಿ, ದೇಶಪ್ರೇಮ ಬೆರೆಸಿ, ಜ್ಯೂರಿಯ ತೀರ್ಪಿಗೆ ನಿಲ್ಲಿಸಿದ್ರು. ಹೈಕೋರ್ಟಿನ ಜೀವಾವಧಿ ತೋರಿಸಿದ್ರೆ ಸಿಳ್ಳೆ ಬೀಳಲ್ಲ ನೋಡಿ.

ನಾನಾವತಿಯಿಂದಲೇ ಜ್ಯೂರಿ ಹೋಯ್ತು ಅನ್ನೋದು ಪೂರ್ತಿ ನಿಜ ಅಲ್ಲ. ಆ ಗುಂಡು ಹಾರೋ ಮುಂಚೆಯೇ, 1958ರಲ್ಲೇ, ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಜ್ಯೂರಿ ತೆಗೀರಿ ಅಂದಿತ್ತು. ನಾನಾವತಿ ಆದ ಮೇಲೂ ಕೆಲವು ಕಡೆ ಜ್ಯೂರಿ ನಡೀತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಮಾತ್ರ ಅದಕ್ಕೆ ಜಾಗವೇ ಇರಲಿಲ್ಲ. ಆದ್ರೆ ಕತೆ ಹೇಳೋರಿಗೆ ನಾನಾವತಿ ಚೆಂದ. ಜನಸಾಮಾನ್ಯರು ಪೇಪರ್ ಓದಿ ಮರುಳಾಗ್ತಾರೆ, ನ್ಯಾಯಾಧೀಶರಿಗೆ ಬಿಟ್ರೆ ಸರಿಹೋಗತ್ತೆ ಅನ್ನೋ ನೀತಿ ಅದರಲ್ಲಿ ಸಿಗತ್ತೆ.

ನಮ್ಮ ಕೆಲಸದಲ್ಲಿ ಹೀಗೇ ಆಗೋದುಂಟು. ಒಂದು ಮಾಡ್ಯೂಲಿನಲ್ಲಿ ಬಗ್ ಬರ್ತಾ ಇದೆ ಅಂತ ಆ ಮಾಡ್ಯೂಲನ್ನೇ ಕಿತ್ತು ಹಾಕ್ತೀವಿ. ಎರಡು ವಾರ ಎಲ್ಲರೂ ಖುಷಿ. ಮೂರನೇ ವಾರ ಅದೇ ಬಗ್ ಇನ್ನೊಂದು ಕಡೆ ಏಳತ್ತೆ, ಯಾಕಂದ್ರೆ ತಪ್ಪು ಡೇಟಾ ಒಳಗೆ ಬರೋ ದಾರಿ ಹಾಗೇ ಇರತ್ತೆ.

ನಮ್ಮ ಬಳ್ಳಾರಿ ಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ‘ದಶಮುಖ’ ಬಂದ ಅದೇ 2012ರ ಮೇ ತಿಂಗಳು. ಓಬಳಾಪುರಂ ಗಣಿ ಕೇಸಿನಲ್ಲಿ ಬಂಧನದಲ್ಲಿದ್ದ ಗಾಲಿ ಜನಾರ್ದನ ರೆಡ್ಡಿಯವರಿಗೆ ಹೈದರಾಬಾದಿನ ಸಿಬಿಐ ವಿಶೇಷ ಕೋರ್ಟು ಜಾಮೀನು ಕೊಟ್ಟಿತು. ತಿಂಗಳು ತುಂಬೋದರೊಳಗೆ, ಆ ಜಾಮೀನಿಗೆ ಕೋಟಿಗಟ್ಟಲೆ ಲಂಚ ನಡೆದಿದೆ ಅನ್ನೋ ಆರೋಪದ ಮೇಲೆ ಆ ನ್ಯಾಯಾಧೀಶರನ್ನ ಹೈಕೋರ್ಟು ಅಮಾನತು ಮಾಡಿತು. ಆಮೇಲೆ ಅವರ ಬಂಧನವೂ ಆಯ್ತು. ಆರೋಪ ಅಂದ್ರೆ ಆರೋಪ, ತೀರ್ಪಲ್ಲ. ಆದ್ರೆ ಹನ್ನೆರಡು ಜನರ ಬದಲು ಒಬ್ಬರನ್ನ ಕೂರಿಸಿದ್ರೆ ಪ್ರಭಾವ ಬೀರೋರ ಕಾಟ ತಪ್ಪತ್ತೆ ಅನ್ನೋ ನಂಬಿಕೆ ಆ ತಿಂಗಳು ನನ್ನಲ್ಲಿ ಸಡಿಲಾಯ್ತು. ಬೆಂಗಳೂರಿನ ಪೀಜಿಯಲ್ಲಿ ಕೂತು ಆ ಸುದ್ದಿ ನೋಡುವಾಗ ರೂಮ್‌ಮೇಟ್ ಕೇಳಿದ್ದ, ‘ನಿಮ್ಮೂರಾ?’ ಅಂತ. ‘ನಮ್ಮ ಜಿಲ್ಲೆ’ ಅಂದಿದ್ದೆ. ಆಗ ಕೂಡ್ಲಿಗಿ ಇನ್ನೂ ಬಳ್ಳಾರಿಗೇ ಸೇರಿತ್ತು.

ಆದ್ರೆ ಜಡ್ಜ್ ತನಕ ಹೋಗೋ ತಾಕತ್ತು ಎಷ್ಟು ಜನಕ್ಕೆ ಇರತ್ತೆ? ಉಳಿದವರು ಹೋಗೋ ದಾರಿ ಬೇರೆ. ಅದು ಹತ್ತಿರದ್ದು, ಅಗ್ಗದ್ದು. ಅದನ್ನ ನಾನು ನಮ್ಮ ಮನೆಯ ಪಡಸಾಲೆಯಲ್ಲೇ ನೋಡಿದ್ದೀನಿ.

ನಮ್ಮೂರು ಗುಡೇಕೋಟೆ. ಕೋಟೆ, ಬಂಡೆಗುಡ್ಡ, ಕರಡಿಧಾಮ, ಒನಕೆ ಓಬವ್ವನ ತವರು ಅಂತ ಹೇಳ್ಕೊಳ್ಳೋ ಹೆಮ್ಮೆ, ಮಳೆ ಬಂದ್ರೆ ಶೇಂಗಾ. ನಾನು ಹೈಸ್ಕೂಲಿನಲ್ಲಿದ್ದಾಗ ಹೊಲದ ಬದುವಿನ ಮೇಲೆ ಎರಡು ಮನೆಯವರಿಗೆ ಜಗಳ ಆಗಿ ಒಬ್ಬ ಕುಡುಗೋಲು ಬೀಸಿದ. ಏಟು ತಿಂದವನ ಎರಡು ಬೆರಳು ಹೋದವು. ಪಕ್ಕದ ಹೊಲದಲ್ಲಿದ್ದ ನಮ್ಮ ಚಿಕ್ಕಪ್ಪ ಅದನ್ನ ಕಣ್ಣಾರೆ ಕಂಡ. ಪೊಲೀಸರು ಬಂದು ಹೇಳಿಕೆ ಬರಕೊಂಡು ಹೋದ್ರು. ಸಾಕ್ಷಿಯಾಗಿ ಅವನ ಹೆಸರು ಸೇರಿತು.

ಕೇಸು ಸಾಕ್ಷಿ ವಿಚಾರಣೆಗೆ ಬರೋಕೆ ನಾಲ್ಕು ವರ್ಷ ಹಿಡೀತು. ಅಷ್ಟರಲ್ಲಿ ನಾನು ಬಿಇ ಮೊದಲ ವರ್ಷ. ದಸರಾ ರಜೆಗೆ ಬಂದಿದ್ದೆ. ವಾಯಿದೆಯ ಹಿಂದಿನ ಸಂಜೆ ಕುಡುಗೋಲು ಬೀಸಿದವನ ಅಣ್ಣ ಮನೆಗೆ ಬಂದ. ಹೆದರಿಸಲಿಲ್ಲ, ದನಿ ಏರಿಸಲಿಲ್ಲ. ಅವ್ವ ಕೊಟ್ಟ ಚಹಾ ಕುಡಿದ. ನನ್ನ ನೋಡಿ, ‘ಇಂಜಿನಿಯರ್ ಓದಾಕೆ ಹೋಗ್ಯಾನಂತಲ್ಲ, ಚಲೋ ಆತು ಬಿಡು, ನಮ್ಮೂರ ಹುಡುಗ್ರು ಮುಂದಕ್ಕೆ ಬರಬೇಕು’ ಅಂದ. ಚಿಕ್ಕಪ್ಪನ ಹೆಗಲ ಮೇಲೆ ಕೈ ಇಟ್ಟು, ‘ನಾಳೆ ಬಸ್ಸಿನಾಗ ಸಿಗ್ತೀನಪ್ಪ’ ಅಂತ ಹೋದ.

ಬಸ್ಸಿನಾಗ ಸಿಗ್ತೀನಿ ಅಂದದ್ದು ಬೆದರಿಕೆ ಅಲ್ಲ. ಗುಡೇಕೋಟೆಯಿಂದ ಕೂಡ್ಲಿಗಿ ಕೋರ್ಟಿಗೆ ವೇಳೆಗೆ ಸರಿಯಾಗಿ ಮುಟ್ಟಿಸೋ ಬಸ್ಸು ಆಗ ಒಂದೇ. ಏಟು ತಿಂದವನು, ಏಟು ಹಾಕಿದವನು, ಸಾಕ್ಷಿ ಮೂವರೂ ಅದರಲ್ಲೇ ಹೋಗಬೇಕು. ಸಂಜೆ ಅದೇ ಬಸ್ಸಿನಲ್ಲಿ ವಾಪಸ್ ಬರಬೇಕು.

ಮರುದಿನ ಚಿಕ್ಕಪ್ಪ ಕಟಕಟೆಯಲ್ಲಿ ನಿಂತು, ‘ಮಬ್ಬಿತ್ತು ಸಾಮಿ, ಯಾರು ಹೊಡದ್ರು ಕಾಣಲಿಲ್ಲ’ ಅಂದ. ಸರ್ಕಾರಿ ವಕೀಲರು ‘ಪ್ರತಿಕೂಲ ಸಾಕ್ಷಿ’ ಅಂತ ಬರೆಸಿ ಎರಡು ಪ್ರಶ್ನೆ ಕೇಳಿ ಕೂತ್ರು. ಕೇಸು ಬಿದ್ದುಹೋಯ್ತು.

ನನಗೆ ಹದಿನೆಂಟು ವರ್ಷ, ರಕ್ತ ಬಿಸಿ. ರಾತ್ರಿ ಊಟಕ್ಕೆ ಕೂತಾಗ ‘ಹೇಡಿ’ ಅಂದೆ. ಆತ ತಲೆ ಎತ್ತಲಿಲ್ಲ. ಮುಂದೆ ಎರಡು ವರ್ಷ ನಾವಿಬ್ಬರೂ ಸರಿಯಾಗಿ ಮಾತಾಡಿದ್ದಿಲ್ಲ. ಕೆಲಸ ಸಿಕ್ಕಿ ಮೊದಲ ಸಂಬಳ ತಂದಾಗ ಅವ್ವ ಹೇಳಿದಳು: ನನ್ನ ಮೊದಲ ವರ್ಷದ ಫೀಸಿಗೆ ಚಿಕ್ಕಪ್ಪ ಬಡ್ಡಿಗೆ ಸಾಲ ತಂದದ್ದು ಅವರ ಮನೆಯಿಂದಲೇ. ಬಿತ್ತನೆಗೆ ಟ್ರ್ಯಾಕ್ಟರ್ರೂ ಅವರದ್ದೇ. ಏಟು ತಿಂದವನ ಹೆಂಡತಿ ಇವತ್ತಿಗೂ ನಮ್ಮ ಅವ್ವನನ್ನ ಮಾತಾಡಿಸಲ್ಲ. ಅದೂ ಸರಿಯೇ. ಆ ಎರಡು ಬೆರಳಿನ ಲೆಕ್ಕದಲ್ಲಿ ನನ್ನ ಡಿಗ್ರಿಯೂ ಸೇರಿದೆ.

ಈಗ ಸಿನಿಮಾಕ್ಕೆ ವಾಪಸ್ ಬರ್ತೀನಿ. ಮೊನ್ನೆ ಯುಗಾದಿಗೆ ಊರಿಗೆ ಹೋದಾಗ ಮೊಬೈಲಿನಲ್ಲಿ ‘ಟ್ವೆಲ್ವ್ ಆಂಗ್ರಿ ಮೆನ್’ ಹಾಕಿ, ಮಾತು ಅರ್ಥ ಮಾಡಿ ಹೇಳ್ತಾ ಚಿಕ್ಕಪ್ಪನಿಗೆ ತೋರಿಸಿದೆ. ಅದರಲ್ಲಿ ಒಬ್ಬ ಮುದುಕ ಸಾಕ್ಷಿ ಬರ್ತಾನೆ. ಬರ್ತಾನೆ ಅಂದ್ರೆ ಮಾತಲ್ಲಿ ಮಾತ್ರ, ಅವನ ಮುಖ ತೋರಿಸಲ್ಲ. ಕೊಲೆಯಾದ ಮನೆಯ ಕೆಳಗಿನ ಮನೆಯವನು. ಹುಡುಗ ‘ಕೊಂದುಬಿಡ್ತೀನಿ’ ಅಂದದ್ದು ಕೇಳಿಸ್ತು, ಹದಿನೈದು ಸೆಕೆಂಡಿನಲ್ಲಿ ಬಾಗಿಲಿಗೆ ಬಂದು ಅವನು ಓಡೋದು ನೋಡಿದೆ ಅಂತ ಹೇಳಿರ್ತಾನೆ. ಕುಂಟು ಕಾಲಿನ ಮುದುಕ ಅಷ್ಟು ಬೇಗ ಬರೋಕಾಗಲ್ಲ ಅಂತ ಜ್ಯೂರಿಗಳು ರೂಮಿನಲ್ಲೇ ನಡೆದು ತೋರಿಸ್ತಾರೆ. ಹಾಗಾದ್ರೆ ಸುಳ್ಳು ಯಾಕೆ ಹೇಳಿದ? ಜ್ಯೂರಿಯಲ್ಲಿದ್ದ ಇನ್ನೊಬ್ಬ ವಯಸ್ಸಾದವನು ಹೇಳ್ತಾನೆ: ಜೀವಮಾನದಲ್ಲಿ ಯಾರೂ ಅವನ ಮಾತು ಕೇಳಿದವರಿಲ್ಲ, ಒಮ್ಮೆಯಾದರೂ ನಾಲ್ಕು ಜನ ನನ್ನ ಮಾತು ಕೇಳಲಿ ಅಂತ ಆಸೆ ಇರಬೇಕು. ನಾನು ನೋಡಿದಾಗೆಲ್ಲ ಇಲ್ಲಿ ಕಣ್ಣು ತುಂಬಿ ಬರ್ತಿತ್ತು.

ಸಿನಿಮಾ ಮುಗೀತು, ಹುಡುಗ ಬಿಡುಗಡೆ. ಚಿಕ್ಕಪ್ಪ ಎಲೆಅಡಿಕೆ ಹಾಕ್ಕೊಳ್ತಾ ಕೇಳಿದ:

‘ಆ ಮುದುಕ ಅದೇ ಮನ್ಯಾಗ ಇರ್ತಾನೇನಪ್ಪ ಇನ್ನ?’

‘ಯಾವ ಮುದುಕ?’

‘ಕುಂಟ. ಈ ಹುಡುಗ ಬಿಡಿಸಿಕೊಂಡು ಮನಿಗೆ ಬರ್ತಾನಲ್ಲ. ಮ್ಯಾಲಿನ ಮನಿ ಇವಂದು, ಕೆಳಗಿಂದು ಅವಂದು. ದಿನಾ ಮಾರಿ ನೋಡಬೇಕಲ್ಲ.’

ಅಷ್ಟು ಸಲ ನೋಡಿದ್ದೀನಿ, ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಟ್ರೈನಿಂಗ್ ಕೊಟ್ಟವರಿಗೂ ಬಂದಿರಲಿಲ್ಲ. ಸಿನಿಮಾ ಬರೆದವರಿಗೂ ಬರಲಿಲ್ಲ ಅಂತ ಕಾಣತ್ತೆ. ಕೊನೆಯಲ್ಲಿ ಫೋಂಡಾ ಕೋರ್ಟಿನ ಮೆಟ್ಟಿಲು ಇಳಿದು, ಇನ್ನೊಬ್ಬ ಜ್ಯೂರಿಗೆ ತನ್ನ ಹೆಸರು ಹೇಳಿ, ನಗುತ್ತಾ ಹೋಗ್ತಾನೆ. ಜ್ಯೂರಿಗಳಿಗೆ ಹೋಗೋಕೆ ಬೇರೆ ಬೇರೆ ದಾರಿ ಇದೆ. ಒಬ್ಬರಿಗೊಬ್ಬರು ಮತ್ತೆ ಸಿಗಬೇಕಾಗಿಲ್ಲ. ಆ ಸಿನಿಮಾದ ಧೈರ್ಯವೆಲ್ಲ ನಿಂತಿರೋದು ಆ ಬೇರೆ ದಾರಿಗಳ ಮೇಲೆ. ಸಾಕ್ಷಿಯ ವಿಷಯಕ್ಕೆ ಬಂದಾಗ ಮಾತ್ರ ಅದು ಅವನ ಕಾಲು ನೋಡತ್ತೆ, ಆ ಕಡೆ ಮನೆಯ ಹೆಂಗಸಿನ ಮೂಗಿನ ಮೇಲಿನ ಕನ್ನಡಕದ ಗುರುತು ನೋಡತ್ತೆ, ಹರಿದ ಕೋಟು ನೋಡತ್ತೆ. ಅವನ ಮನೆಗೆ ಹಿಂದಿನ ಸಂಜೆ ಯಾರು ಬಂದಿದ್ರು ಅಂತ ಮಾತ್ರ ಕೇಳಲ್ಲ. ಸಾಕ್ಷಿ ತಪ್ಪು ಹೇಳೋದು ಕಣ್ಣಿನ ದೋಷಕ್ಕೆ, ಇಲ್ಲಾ ಮನಸ್ಸಿನ ಆಸೆಗೆ ಅಂತ ಅದು ನಂಬಿದೆ. ನಮ್ಮ ಕಡೆ ಕಣ್ಣು ಚೆನ್ನಾಗೇ ಕಾಣತ್ತೆ.

ಕಂಬಾಲಪಲ್ಲಿ ನೆನಪಿದೆಯಾ? ಆಗಿನ ಕೋಲಾರ ಜಿಲ್ಲೆ, ಚಿಂತಾಮಣಿ ತಾಲ್ಲೂಕು. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನ ಮನೆಯೊಳಗೇ ಸುಟ್ಟು ಕೊಂದ್ರು. ಇಡೀ ರಾಜ್ಯ ಎದ್ದು ಕೂತಿತ್ತು, ಮಂತ್ರಿಗಳು ಹೋದ್ರು, ಪೇಪರಿನಲ್ಲಿ ಪುಟಗಟ್ಟಲೆ ಬಂತು. 2006ರ ಡಿಸೆಂಬರಿನಲ್ಲಿ ಕೋರ್ಟು ತೀರ್ಪು ಕೊಟ್ಟಾಗ ಆರೋಪಿಗಳೆಲ್ಲ ಖುಲಾಸೆ. ಕಣ್ಣಾರೆ ಕಂಡವರು, ಕಳಕೊಂಡವರು, ಒಬ್ಬರ ಹಿಂದೆ ಒಬ್ಬರು ಪ್ರತಿಕೂಲ ಸಾಕ್ಷಿಗಳಾಗಿದ್ದರು. 2014ರಲ್ಲಿ ಹೈಕೋರ್ಟೂ ಆ ಖುಲಾಸೆಯನ್ನ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಕೊಂದವರು ಯಾರೂ ಇಲ್ಲ.

ನಾನಾವತಿ ಕೇಸಿನಲ್ಲಿ ಎಂಟು ಜನ ಪೇಪರ್ ಓದಿ ಮರುಳಾದರು ಅಂತ ಅರವತ್ತು ವರ್ಷದಿಂದ ಬರೀತಾ ಇದ್ದೀವಿ, ಸಿನಿಮಾ ಮೇಲೆ ಸಿನಿಮಾ ತೆಗೀತಾ ಇದ್ದೀವಿ. ಕಂಬಾಲಪಲ್ಲಿಯ ಸಾಕ್ಷಿಗಳು ಆರು ವರ್ಷ ಹೇಗೆ ಬದುಕಿದರು, ಯಾರ ಹೊಲಕ್ಕೆ ಕೂಲಿಗೆ ಹೋದರು, ಯಾರ ಅಂಗಡಿಯಲ್ಲಿ ಉಪ್ಪು ತಂದರು ಅನ್ನೋದು ಸಿನಿಮಾ ಆಗೋದಿಲ್ಲ. ಮರ್ಡಾಕ್ ಕೇಸಿನ ಹಾಗೆ ಕರೆಸಿ, ‘ನಿಮ್ಮ ಮೇಲೆ ಯಾರಾದರೂ ಪ್ರಭಾವ ಬೀರಿದರಾ?’ ಅಂತ ಮೆತ್ತಗೆ ಕೇಳೋ ಪದ್ಧತಿ ನಮ್ಮ ಸಾಕ್ಷಿಗೆ ಇಲ್ಲ. ಸಾಕ್ಷಿಯನ್ನ ಬೆದರಿಸಿದವರಿಗೆ ಏಳು ವರ್ಷದವರೆಗೆ ಶಿಕ್ಷೆ ಅಂತ 2006ರಲ್ಲಿ ದಂಡ ಸಂಹಿತೆಗೆ 195ಎ ಸೇರಿಸಿದ್ರು, ನಿಜ. ಆದ್ರೆ ಚಹಾ ಕುಡಿದು ಹೆಗಲ ಮೇಲೆ ಕೈ ಇಟ್ಟವನನ್ನ ಯಾವ ಕಲಮಿನಲ್ಲಿ ಹಿಡೀತೀರಿ?

2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ಸಂರಕ್ಷಣಾ ಯೋಜನೆಯನ್ನ ದೇಶಕ್ಕೆಲ್ಲ ಅನ್ವಯ ಮಾಡಿತು. 2024ರ ಜುಲೈ 1ರಿಂದ ಬಂದ ಹೊಸ ಕಾನೂನೂ ಪ್ರತಿ ರಾಜ್ಯ ಇಂಥ ಯೋಜನೆ ಮಾಡಲೇಬೇಕು ಅನ್ನತ್ತೆ. ಕಾಗದದ ಮೇಲೆ ಚೆನ್ನಾಗಿದೆ: ಜಿಲ್ಲಾ ನ್ಯಾಯಾಧೀಶರ ಸಮಿತಿಗೆ ಅರ್ಜಿ ಹಾಕಬೇಕು, ಅಪಾಯ ಎಷ್ಟಿದೆ ಅಂತ ಪೊಲೀಸರು ವರದಿ ಕೊಡಬೇಕು, ಆಮೇಲೆ ಕೋರ್ಟಿಗೆ ಬೆಂಗಾವಲು, ಮನೆಗೆ ಕ್ಯಾಮೆರಾ, ತೀರಾ ಅಗತ್ಯ ಬಿದ್ರೆ ಬೇರೆ ಊರಿನಲ್ಲಿ ವಾಸ, ಬೇರೆ ಗುರುತು. ಇದು ಇರಬೇಕು, ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗಬೇಕು. ಆದ್ರೆ ನಾಲ್ಕು ಎಕರೆ ಶೇಂಗಾ ಹೊಲ ಇರೋ ಚಿಕ್ಕಪ್ಪನನ್ನ ಯಾವ ಊರಿಗೆ ಕಳಿಸ್ತೀರಿ? ಎರಡು ಬೆರಳಿನ ಕೇಸಿಗೆ ಯಾರು ಬೆಂಗಾವಲು ಕೊಡ್ತಾರೆ? ಅವನಿಗೆ ಬೇಕಾಗಿದ್ದದ್ದು ಪೊಲೀಸ್ ಅಲ್ಲ. ಬಡ್ಡಿ ಇಲ್ಲದ ಫೀಸು, ಇನ್ನೊಂದು ಟ್ರ್ಯಾಕ್ಟರು, ನಾಲ್ಕು ವರ್ಷದ ಬದಲು ನಾಲ್ಕು ತಿಂಗಳಲ್ಲಿ ಬರೋ ವಾಯಿದೆ, ಇನ್ನೊಂದು ಬಸ್ಸು.

ಹಾಗಂತ ಯಾರೂ ನಿಲ್ಲೋದೇ ಇಲ್ಲ ಅಂತಲ್ಲ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಕೊಟ್ಟಿತು. ಮುಂದಿನ ತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನಲ್ಲಿ ಜಾಮೀನೂ ಸಿಕ್ಕಿತು. ಮೇಲ್ಮನವಿ, ಜಾಮೀನು ಅವರ ಹಕ್ಕು, ಅದರ ಬಗ್ಗೆ ನನ್ನದೇನೂ ಇಲ್ಲ. ಆ ಹತ್ತು ವರ್ಷ ಮಾತು ಬದಲಿಸದೆ ನಿಂತ ಸಾಕ್ಷಿಗಳ ಬಗ್ಗೆ ಮಾತ್ರ ಯೋಚನೆ ಮಾಡ್ತೀನಿ. ಬೀಗ ಹಾಕಿದ ರೂಮಿನಲ್ಲಿ ಒಂದು ಮಧ್ಯಾಹ್ನ ಹನ್ನೊಂದು ಅಪರಿಚಿತರ ಎದುರು ನಿಲ್ಲೋದು ಧೈರ್ಯ ಅಂತ ನಮಗೆ ಟ್ರೈನಿಂಗ್ ಕೊಡ್ತಾರೆ. ಹತ್ತು ವರ್ಷ, ಮುಖ ಪರಿಚಯದವರ ಎದುರು, ಬೀಗವಿಲ್ಲದ ಗುಡಿಸಲಿನಲ್ಲಿ ಇದ್ದು ನಿಲ್ಲೋದಕ್ಕೆ ಏನಂತ ಹೆಸರು?

ಮುಂದಿನ ವರ್ಷ ಟ್ರೈನಿಂಗಿನಲ್ಲಿ ಆ ಸಿನಿಮಾ ಮತ್ತೆ ಹಾಕ್ತಾರೆ, ನನಗೆ ಗೊತ್ತು. ಮುಗಿದ ಮೇಲೆ ‘ನೀವು ಯಾವ ಜ್ಯೂರಿ?’ ಅಂತ ಕೇಳ್ತಾರೆ. ಎಲ್ಲರೂ ಎಂಟನೇ ನಂಬರಿನ ಫೋಂಡಾ ಅಂತಾರೆ. ನಾನು ಈ ಸಲ, ಕೆಳಗಿನ ಮನೆಯ ಮುದುಕನ ಅಣ್ಣನ ಮಗ ಅಂತ ಬರೆದು ಕೊಡೋನಿದ್ದೀನಿ. ಅರ್ಥ ಆಗದಿದ್ರೆ ಟೀ ಟೈಮಿನಲ್ಲಿ ಈ ಕತೆ ಹೇಳಿದ್ರಾಯ್ತು.